ಹಿತ್ತಲದ ನಡುವಿನ ಎರಡು ಗೆರೆ

"ನಿಂದರ್ರಿ. ಆ ಸುರುಳಿ ಬಿಚ್ಚಬ್ಯಾಡ್ರಿ."

ಶಾಂಭವಿಯ ಮಾತಿಗೆ ಕೆಲಸದವರು ಇದ್ದಲ್ಲೇ ನಿಂತರು. ಪ್ಲಾಸ್ಟಿಕ್ ಹುಲ್ಲಿನ ದಪ್ಪ ಸುರುಳಿ ಅರ್ಧ ಉರುಳಿ ಅವರ ಕೈಗಳಿಗೆ ಆನಿಕೊಂಡಿತು. ಗೋಂದಿನ ಡಬ್ಬಿಯ ಮುಚ್ಚಳ ಎಬ್ಬುತ್ತಿದ್ದ ಗುತ್ತಿಗೆದಾರ ಮುಸ್ತಫಾ ತಲೆಯೆತ್ತಿದ.

"ಮೇಡಂ, ಇನ್ನ ಕೆಲಸಾ ಮಾಡ್ಕೋರಿ ಅಂತ ನಿನ್ನೆ ನೀವ ಹೇಳಿದ್ರಿ."

"ಹೇಳಿದ್ದೆ. ಈಗ ನಿಂದರ್ರಿ ಅನ್ನಾಕತ್ತೀನಿ."

ನಿನ್ನೆ ಹಾಗೆ ಹೇಳುವುದಕ್ಕೆ ಕಾರಣವಿತ್ತು. ಈ ಹಿತ್ತಲದ ಒಂದು ಮೂಲೆಯಲ್ಲಿ ಅಗೆಯುವಾಗ ಸಿಕ್ಕ ಹಳೆಯ ಹಗೇವನ್ನು ಪಂಚರ ಮುಂದೆ ತೆರೆಸಿ, ಒಳಗೆ ಮನುಷ್ಯರನ್ನು ಇಳಿಸಿ ನೋಡಿದ್ದಾಗಿತ್ತು. ಆ ನೆಲದ ಕಣಜದಲ್ಲಿ ಜೋಳದ ಹೊಟ್ಟು ಮತ್ತು ಮುಗ್ಗಲು ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಆರು ವರ್ಷದ ಹಿಂದೆ ಸಿಂಪಿಗನ ಅಂಗಡಿಗೆ ಹೋಗಿ ಬರುತ್ತೇನೆಂದು ಹೊರಟು, ಮತ್ತೆ ಮನೆಗೆ ಬಾರದ ಸುನಿತಾ ಅದರೊಳಗೆ ಇರಲಿಲ್ಲ. ಈ ಮನೆಯ ಯಜಮಾನ, ಗಂಡ ಕಾಶಿನಾಥನೇ ಅವಳನ್ನು ಕೊಂದು ಹುಗಿದಿದ್ದಾನೆ, ಈಗ ಆಟದ ಅಂಗಳದ ನೆವದಲ್ಲಿ ಮೇಲೆ ಪ್ಲಾಸ್ಟಿಕ್ ಹಾಸುತ್ತಿದ್ದಾನೆ ಎಂದು ಸುನಿತಾಳ ಅಕ್ಕ ನಂದಾ ಕೊಟ್ಟ ಅರ್ಜಿ ಅಲ್ಲಿಗೆ ಮುಗಿಯಿತೆಂದು ಅಣ್ಣಿಗೇರಿ ಠಾಣೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು.

ಸಬ್ ಇನ್‌ಸ್ಪೆಕ್ಟರ್ ಶಾಂಭವಿಯೂ ಹಾಗೆಯೇ ಅಂದುಕೊಂಡು, ಒಂದು ಸಹಿ ಬಾಕಿ ಇತ್ತೆಂದು ಬೆಳಿಗ್ಗೆ ಬಂದಿದ್ದಳು. ಹಿತ್ತಲದ ಬಾಗಿಲು ದಾಟಿ ಕಾಲಿಟ್ಟವಳು, ನೆಲ ನೋಡಿ ನಿಂತುಬಿಟ್ಟಳು.

ಕರಿ ಎರೆಮಣ್ಣನ್ನು ಆಳಕ್ಕೆ ಅಗೆದು ತೆಗೆದು, ಗರಸು ತುಂಬಿ, ರೋಲರ್ ಹೊಡೆದು, ಮೇಲೆ ಖಡಿಪುಡಿ ಹರವಿ ಸಪಾಟು ಮಾಡಿದ್ದರು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಯ ಮೇಲೆ ಹುಲ್ಲು ಹಾಸಿದರೆ ಒಂದು ವರ್ಷವೂ ತಾಳುವುದಿಲ್ಲವೆಂದು ಮುಸ್ತಫಾ ಮೊದಲೇ ಹೇಳಿದ್ದ. ಆ ಬೂದು ನೆಲದ ಮೇಲೆ, ಬಿಳಿ ಪಟ್ಟಿಗಳು ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲಿ, ನಿನ್ನೆ ಕತ್ತಲಾಗುವ ಹೊತ್ತಿಗೆ ಹಗ್ಗ ಹಿಡಿದು ಸುಣ್ಣದ ಗೆರೆ ಎಳೆದಿದ್ದರು.

ಶಾಂಭವಿ ನೆಟ್ಟಿನ ಎರಡು ಕಂಬಗಳ ನಡುವೆ ಬಂದು ನಿಂತಳು. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟಳು. ಬೂಟಿನ ತುದಿ ಸರಿಯಾಗಿ ಗೆರೆಗೆ ತಾಗಿತು. ತಿರುಗಿ ಆಚೆ ಬದಿಗೂ ಒಂದು ಹೆಜ್ಜೆ ಇಟ್ಟಳು. ಅಲ್ಲಿಯೂ ಗೆರೆ.

ಶಟಲ್ ಆಟದ ಅಂಗಳದಲ್ಲಿ ಮುಂದಿನ ಗೆರೆ ನೆಟ್ಟಿಗೆ ಇಷ್ಟು ಹತ್ತಿರ ಬರುವುದಿಲ್ಲ. ಇದು ಒಂದೇ ಆಟದ ಗೆರೆ. ಪುಸ್ತಕದಲ್ಲಿ ಅದಕ್ಕೆ ಟೆನಿಕ್ವಾಯಿಟ್ ಎಂದು ಹೆಸರು. ಕುಬಿಹಾಳದ ಹೈಸ್ಕೂಲಿನ ಹುಡುಗಿಯರ ಬಾಯಲ್ಲಿ ಅದು ಬರೀ ರಿಂಗ್. ರಬ್ಬರ್ ಬಳೆಯನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಹಿಡಿದ ಕೈಯಿಂದಲೇ ಎಸೆಯಬೇಕು. ಈ ಎರಡು ಗೆರೆಗಳ ನಡುವೆ ಬಿದ್ದರೆ ಆ ಎಸೆತ ಎಸೆದವರಿಗೆ ದಕ್ಕುವುದಿಲ್ಲ.

ಆ ಶಾಲೆಯ ಜೋಡಿಯಾಟದಲ್ಲಿ ಎಡಗಡೆ ನಿಲ್ಲುತ್ತಿದ್ದವಳು ಸುನಿತಾ. ಬಲಗಡೆ ನಿಲ್ಲುತ್ತಿದ್ದವಳು ಶಾಂಭವಿ.

ಅಣ್ಣಿಗೇರಿಗೆ ವರ್ಗವಾಗಿ ಬಂದ ವಾರದಲ್ಲೇ ಆಕೆ ಹಳೆಯ ಕಡತ ತೆಗೆಸಿ ಈ ಕೇಸು ಕೇಳಿ ಪಡೆದಿದ್ದಳು. ಮೈದಾನದಲ್ಲಿ ಎಡಕ್ಕೆ ನೋಡದೆಯೇ "ನಿಂದು" ಎಂದು ರಿಂಗನ್ನು ಬಿಟ್ಟುಕೊಡುತ್ತಿದ್ದ ಆ ದಿನಗಳ ನಂತರ, ಬದುಕಿನಲ್ಲಿ ಯಾರಿಗೂ ಅಷ್ಟು ನೆಚ್ಚಿ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ ಆಕೆ.

"ಮುಸ್ತಫಾ, ಇತ್ತ ಬರ್ರಿ." ಅವನನ್ನು ಗ್ವಾಡೆಯ ಬದಿಗೆ ಕರೆದಳು. "ಈ ಗೆರಿ ಯಾರ ಹೇಳಿದ್ದು?"

"ಮನಿಯವ್ರು ಹೇಳಿದ್ರರಿ."

"ಯಾವ ಮನಿಯವ್ರು?"

"ಸಾವ್ಕಾರ್ರ ಮನಿಯವ್ರು ಮೇಡಂ. ಮೊದ್ಲ ಸಾವ್ಕಾರ್ರು ಶಟಲ್ ಅಂದಿದ್ರು. ಗರಸು ಹಾಕೂ ದಿವಸ ಅಮ್ಮಾರು ಫೋನ್ ಮಾಡಿದ್ರು. ಶಟಲ್ ಗೆರಿ ಹಾಕಬ್ಯಾಡ್ರಿ, ನಾ ಹೇಳಿದಂಗ ಹಾಕ್ರಿ ಅಂದ್ರು. ಅಳತಿ ಎಲ್ಲಾ ಬಾಯಿಲೇ ಹೇಳಿದ್ರು. ಎರಡ ಸಲ ನಾ ತಪ್ಪಿದೆ, ಎರಡೂ ಸಲ ಅವ್ರ ತಿದ್ದಿದ್ರು."

"ನಿಮ್ಮ ನಂಬರ ಅವ್ರಿಗೆ ಎಲ್ಲಿ ಸಿಕ್ತು?"

"ಬೋರ್ಡ್ ಮ್ಯಾಲ ಐತಲ್ರಿ." ಮುಂಬಾಗಿಲಿಗೆ ಕಟ್ಟಿದ್ದ ತನ್ನ ಹುಬ್ಬಳ್ಳಿ ಅಂಗಡಿಯ ಫಲಕದ ಕಡೆಗೆ ಕೈ ತೋರಿಸಿದ. "ಏನಾತ್ರಿ ಮೇಡಂ?"

"ಅವ್ರ ನಂಬರ ನಿಮ್ಮ ಫೋನಿನಾಗ ಇರಬೇಕು. ಹುಡುಕಿ ಕೊಡ್ರಿ."

"ಫೋನು ಟೆಂಪೋದಾಗ ಚಾರ್ಜಿಗೆ ಇಟ್ಟೀನ್ರಿ. ತರ್ತೀನಿ." ಅವನು ಗಾಬರಿಯಿಂದಲೇ ಮುಂಬದಿಗೆ ಹೋದ.

ಈ ಮನೆಯಲ್ಲಿ ಹೆಂಗಸರು ಯಾರೂ ಇರಲಿಲ್ಲ. ಕಾಶಿನಾಥನ ತಾಯಿ ಬಸವಣ್ಣೆವ್ವ ತೀರಿಕೊಂಡು ವರ್ಷ ದಾಟಿತ್ತು.

ಕಾಶಿನಾಥ ತಾನೇ ಚಹಾದ ತಾಟು ಹಿಡಿದು ಹೊರಬಂದ. ಮಾರ್ಕೆಟ್ ಯಾರ್ಡಿನಲ್ಲಿ ಕಡಲೆ, ಹೆಸರಿನ ವ್ಯಾಪಾರ ಮಾಡುವ ನಲವತ್ತರ ಆಸುಪಾಸಿನ ಮನುಷ್ಯ. ಹಣೆಯ ಮೇಲೆ ಆಗತಾನೆ ಹಚ್ಚಿದ ವಿಭೂತಿ. ನಿನ್ನೆ ತನ್ನ ಹಿತ್ತಲವನ್ನೆಲ್ಲ ಜಾಲಾಡಿದ ಪೊಲೀಸರಿಗೆ ಇವತ್ತು ಚಹಾ ತರುವಾಗಲೂ ಅವನ ಮುಖದಲ್ಲಿ ಕಹಿ ಇರಲಿಲ್ಲ.

"ತಗೋರಿ ಮೇಡಂ. ಸಕ್ಕರಿ ಕಡಿಮಿ ಹಾಕೀನಿ."

"ಕಾಶಿನಾಥ ಅವ್ರ, ಈ ಕೋರ್ಟ್ ಯಾತಕ್ಕ ಮಾಡ್ಸಾಕತ್ತೀರಿ ಅಂತ ನಾ ಮೊದಲನೇ ದಿವಸ ಕೇಳಿದ್ದೆ. ಡಾಕ್ಟರು ಆಡ್ರಿ ಅಂದಾರ, ಸಂಜಿಮುಂದ ಗೆಳ್ಯಾರ ಜೋಡಿ ಶಟಲ್ ಆಡತೀನಿ ಅಂದ್ರಿ."

"ಹೌದ್ರಿ."

"ಇದು ಶಟಲ್ ಕೋರ್ಟ್ ಅಲ್ಲ."

ಅವನು ತಾಟನ್ನು ಹುಲ್ಲಿನ ಸುರುಳಿಯ ಮೇಲೆ ಇಟ್ಟ. ಗೆರೆಯ ಕಡೆ ನೋಡಲಿಲ್ಲ.

"ಇದು ರಿಂಗ್ ಕೋರ್ಟ್. ನಿಮಗ ಗೊತ್ತಿಲ್ಲಂತ ಹೇಳಬ್ಯಾಡ್ರಿ."

"ನಿಮಗ ಹ್ಯಾಂಗ ಗೊತ್ತಾತ್ರಿ?"

"ನಾ ಕುಬಿಹಾಳದಾಕಿ. ಸುನಿತಾನ ಜೋಡಿ ಆಡೀನಿ."

ಅವನು ಮೊದಲ ಸಲ ಆಕೆಯ ಮುಖವನ್ನು ನೇರವಾಗಿ ನೋಡಿದ. ಪೊಲೀಸ್ ಟೋಪಿಯ ಕೆಳಗೆ ಏನನ್ನೋ ಹುಡುಕುವಂತೆ ನೋಡಿದ.

"ಶಾಂಭೀ ಅಂದ್ರ ನೀವೇನ್ರಿ?" ದನಿ ಇಳಿದಿತ್ತು. "ಮದಿವಿ ಆದ ಹೊಸದಾಗ ದಿನಾ ನಿಮ್ಮ ಹೆಸರ ತಗೀತಿದ್ಲು. ಶಾಂಭೀ ಇದ್ದಿದ್ರ ಹಂಗಾಗತಿತ್ತು, ಶಾಂಭೀ ಇದ್ದಿದ್ರ ಹಿಂಗಾಗತಿತ್ತು ಅಂತ. ನಾ ಯಾವುದೋ ಸಣ್ಣ ಹುಡುಗಿ ಅನ್ಕೊಂಡಿದ್ದೆ."

ಶಾಂಭವಿ ಚಹಾದ ಕಪ್ಪನ್ನು ಎತ್ತಿಕೊಂಡಳು. ಕೈಗೆ ಏನಾದರೂ ಬೇಕಾಗಿತ್ತು.

"ಸುಳ್ಳ ಯಾಕ ಹೇಳಿದ್ರಿ?"

"ಆರ ವರ್ಷದಿಂದ ಮನಿ ಬಿಟ್ಟ ಹೋದ ಹೇಣ್ತಿಗೆ ಆಡಾಕ ಅಂಗಳಾ ಮಾಡ್ಸಾಕತ್ತೀನಿ ಅಂತ ಹೇಳಿದ್ರ ನೀವು ಏನ ಅಂತಿದ್ರಿ? ಈ ಓಣಿ ಮಂದಿ ಏನ ಅಂತಿದ್ರು? ಪ್ಲಾಸ್ಟಿಕ್ ಹುಲ್ಲ ಅಂತ ಕೇಳಿನ ನಗ್ತಾರ. ಎಮ್ಮಿಗೆ ಹಾಕ್ತೀರೇನ್ರಿ ಅಂತ ಕೇಳ್ತಾರ."

ಅವನು ಗೆರೆಯ ಅಂಚಿಗೆ ಬಂದು ಕುಕ್ಕರುಗಾಲಿನಲ್ಲಿ ಕುಳಿತ.

"ಆಕಿಗೆ ಮಾತ ಕೊಟ್ಟಿದ್ದೆರಿ. ಆಕಿ ಇಲ್ಲಿ ಬಂದ ವರ್ಷ ತಾಲೂಕಿನ ಕ್ರೀಡಾಂಗಣಕ್ಕ ಹೋಗಿ ಆಡತೀನಿ ಅಂದ್ಲು. ನಮ್ಮವ್ವ ಒಪ್ಪಲಿಲ್ಲ. ಈ ಮನಿ ಸೊಸಿ ಪ್ಯಾಂಟ್ ಹಾಕ್ಕೊಂಡು ಗಂಡಸರ ಮುಂದ ಜಿಗಿದಾಡೂದು ಬ್ಯಾಡ ಅಂದ್ಲು. ನಾ ನಡಕ ನಿಂತು, ಹಿತ್ತಲದಾಗ ಮಾಡ್ಸಿಕೊಡ್ತೀನಿ, ಗ್ವಾಡಿ ಎತ್ತರ ಮಾಡ್ಸಿದ್ರ ಯಾರಿಗೂ ಕಾಣೂದಿಲ್ಲ ಅಂತ ಇಬ್ಬರಿಗೂ ಹೇಳಿದೆ."

ಶಾಂಭವಿ ಸುತ್ತಲೂ ನೋಡಿದಳು. ಗ್ವಾಡೆಯ ಕೆಳಗಿನ ಭಾಗ ಹಳೆಯ ಕಲ್ಲಿನದು. ಅದರ ಮೇಲೆ ಎರಡಾಳೆತ್ತರಕ್ಕೆ ಸಿಮೆಂಟ್ ಇಟ್ಟಿಗೆ ಏರಿತ್ತು, ತುದಿಯಲ್ಲಿ ಒಡೆದ ಬಾಟಲಿಯ ಚೂರು. ಆ ಸಿಮೆಂಟೂ ಈಗ ಹಳತಾಗಿ ಪಾಚಿ ಹಿಡಿದಿತ್ತು.

"ಗ್ವಾಡಿ ಯಾವಾಗ ಎತ್ತರ ಮಾಡ್ಸಿದ್ರಿ?"

"ಆ ವರ್ಷನ."

"ಕೋರ್ಟ್?"

"ಆಗಲಿಲ್ರಿ. ಮುಂದಿನ ಸುಗ್ಗಿ ಆದಮ್ಯಾಲ ಅಂದೆ. ಆ ಸುಗ್ಗಿ ಆತು, ಮತ್ತೊಂದ ಆತು. ಅವ್ವ ಅತ್ತಾಗ ಅಂದ್ರ ಇತ್ತಾಗ ಅಂತಿದ್ಲು. ಗ್ವಾಡಿ ಅಷ್ಟ ಆತು."

ಹಿಂದಿನ ಓಣಿಗೆ ತೆರೆಯುವ ಸಣ್ಣ ಬಾಗಿಲಿನ ಕೊಂಡಿ ಓಣಿಯ ಬದಿಗಿದ್ದುದನ್ನು ಶಾಂಭವಿ ನಿನ್ನೆಯೇ ಗಮನಿಸಿದ್ದಳು. ಒಳಗಿದ್ದವರು ಹಾಕಿಕೊಳ್ಳುವ ಕೊಂಡಿ ಅದಲ್ಲ. ಈಗ ಅದರ ಬಗ್ಗೆ ಕೇಳಬೇಕೆನಿಸಿತು. ಆದರೆ ಅವನು ಮಾತು ಮುಂದುವರಿಸಿದ್ದ.

"ಒಂದ ದೀಪಾವಳಿಗೆ ಆಕಿ ರಂಗೋಲಿ ಪುಡಿ ತಗೊಂಡು ಇಲ್ಲೇ, ಈ ಮಣ್ಣಿನ ಮ್ಯಾಲ, ಕೋರ್ಟ್ ಬರದಿದ್ಲು. ನನ್ನ ಕೈ ಹಿಡಿದು ಅಡ್ಡಾಡಿಸಿ ತೋರ್ಸಿದ್ಲು. ನಡಕಿನ ಎರಡು ಗೆರಿ ಯಾಕಂತ ನಾ ಕೇಳಿದೆ. ಇದು ಯಾರ ಜಾಗಾನೂ ಅಲ್ಲ, ಇಲ್ಲಿ ನಾನೂ ಎಸಿಯೂ ಹಂಗಿಲ್ಲ, ನೀವೂ ಎಸಿಯೂ ಹಂಗಿಲ್ಲ ಅಂದ್ಲು. ಸಂಜಿಮುಂದ ಅವ್ವ ಸಗಣಿ ನೀರು ಹೊಡದು ಎಲ್ಲಾ ಬಳದ್ಲು."

"ಅಳತಿ ನಿಮಗ ನೆನಪಿತ್ತೇನು?"

"ಎಲ್ಲೀ ಅಳತಿರಿ. ನನಗ ಅದ್ಯಾವುದೂ ಬರೂದಿಲ್ಲ. ಅದಕ್ಕ ಮುಸ್ತಫಾಗ ಶಟಲ್ ಅಂದೆ. ನೆಟ್ ಒಂದು ಇದ್ರ ಸಾಕು, ಯಾವಾಗರೆ ಬಂದ್ರ ಆಕಿನ ಗೆರಿ ಹಾಕ್ಕೊಳ್ಳಲಿ ಅಂತ."

"ಮತ್ತ ಈ ಗೆರಿ ಹಾಕ್ಸಿದ್ದು ನೀವಲ್ಲ."

"ಅಲ್ರಿ."

"ಒಬ್ಬ ಹೆಣ್ಣಮಗಳು ಮುಸ್ತಫಾಗ ಫೋನ್ ಮಾಡಿ, ನಿಮ್ಮ ಮನಿಯಾಕಿ ಅಂತ ಹೇಳಿ ಗೆರಿ ಬದಲಿ ಮಾಡ್ಸ್ಯಾಳ. ನಿಮಗ ಗೊತ್ತಿತ್ತೇನು?"

ಫೋನಿನ ಮಾತು ಅವನಿಗೆ ಹೊಸದೆಂಬುದು ಮುಖದಲ್ಲೇ ಕಾಣಿಸಿತು. ಬೆರಳ ತುದಿಯನ್ನು ಸುಣ್ಣದ ಗೆರೆಯ ಹತ್ತಿರಕ್ಕೆ ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ.

"ಫೋನಿಂದು ಗೊತ್ತಿಲ್ರಿ. ಇವತ್ತ ನಸುಕಿನ್ಯಾಗ ಎದ್ದು ಬಂದು ಈ ಗೆರಿ ನೋಡಿದೆ. ನೋಡಿದ ಕೂಡ್ಲೇ ಗುರುತ ಹತ್ತಿತು."

"ಮುಸ್ತಫಾನ್ನ ಯಾಕ ಕೇಳಲಿಲ್ಲ?"

"ಕೇಳಿದ್ರ ಅವ, ತಪ್ಪಾತ್ರಿ ಸಾವ್ಕಾರ್ರ, ಬ್ಯಾರೆ ಮನಿ ಅಳತಿ ಹಾಕೀನಿ ಅಂದಿದ್ರ?"

ಶಾಂಭವಿ ಚಹಾದ ಕಪ್ಪನ್ನು ತಾಟಿಗೆ ಮರಳಿ ಇಟ್ಟಳು.

"ತಪ್ಪ ಆಗಿದ್ರ ಆಗಲಿ, ಒಂದ ದಿವಸರೆ ಹಿಂಗ ಇರಲಿ ಅನಿಸ್ತು. ಹುಲ್ಲ ಹಾಸಿ, ಉಸುಕು ಉದುರ್ಸಿ, ಬಾಚಿ, ಎಲ್ಲಾ ಮುಗಿಲಿ. ಆಮ್ಯಾಲ ಕೇಳಿದ್ರಾತು ಅಂತ ಸುಮ್ಮನಾದೆ." ಅವನು ಎದ್ದು ನಿಂತ. "ಯಾರ ಮೇಡಂ ಫೋನ್ ಮಾಡಿದ್ದು?"

ಆ ಪ್ರಶ್ನೆಯಲ್ಲಿ ಇದ್ದ ಆಸೆಯನ್ನು ನೋಡಲಾರದೆ ಶಾಂಭವಿ ಮುಖ ತಿರುಗಿಸಿದಳು. ತನ್ನೊಳಗೂ ಅದೇ ಪ್ರಶ್ನೆ ಅಷ್ಟೇ ಆಸೆಯಿಂದ ಎದ್ದು ಕುಳಿತಿತ್ತು. ರಿಂಗ್ ಆಡುವವರು ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಕಾಶಿನಾಥನ ಹಿತ್ತಲದಲ್ಲಿ ರಿಂಗ್ ಗೆರೆಯೇ ಇರಬೇಕೆಂದು ಯಾರಿಗೆ ಬೇಕಾದೀತು?

ಅಷ್ಟರಲ್ಲಿ ಕಾನ್‌ಸ್ಟೇಬಲ್ ಯಲ್ಲೇಶ ಬಾಗಿಲಲ್ಲಿ ಕಾಣಿಸಿಕೊಂಡ. "ಮೇಡಂ, ಅರ್ಜಿ ಕೊಟ್ಟ ಬಾಯಾರು ಬಂದಾರ್ರಿ."

ಅವನ ಹಿಂದೆಯೇ ನಂದಾ ಒಳಗೆ ಬಂದಳು. ಸುನಿತಾಳಿಗಿಂತ ದೊಡ್ಡವಳು. ತವರಿನ ಹೊಲ ಮನೆ ನೋಡಿಕೊಂಡು ಗಂಡನ ಜೊತೆ ಕುಬಿಹಾಳದಲ್ಲೇ, ಊರ ಹೊರಗಿನ ಹೊಲದ ಮನೆಯಲ್ಲಿ ಇರುವಾಕೆ. ಹುಲ್ಲಿನ ಸುರುಳಿಗಳನ್ನು, ಗೋಂದಿನ ಡಬ್ಬಿಗಳನ್ನು ಒಮ್ಮೆ ನೋಡಿ, ಕಾಶಿನಾಥನನ್ನು ನೋಡದೆ ಶಾಂಭವಿಯ ಮುಂದೆ ನಿಂತಳು.

"ಕೆಲಸಾ ಮತ್ತ ಸುರು ಮಾಡ್ಸಿದಿಯಂತಲ್ಲ ಶಾಂಭವಿ."

"ಹಗೇವಿನಾಗ ಏನೂ ಸಿಗಲಿಲ್ಲ ನಂದಕ್ಕ. ನಿಲ್ಸಾಕ ನನ್ನ ಕಡೆ ಕಾರಣ ಇಲ್ಲ."

"ಬ್ಯಾರೆ ಕಡೆ ಅಗಸು. ತುಳಸಿಕಟ್ಟಿ ಬುಡಕ ಅಗಸು. ಇದು ಆಗಬಾರದು."

"ಯಾವುದು ಆಗಬಾರದು?"

"ಈ ಕೋರ್ಟು."

ಶಾಂಭವಿಗೆ ನಿನ್ನೆಯ ಒಂದು ನೋಟ ಮನಸ್ಸಿಗೆ ಬಂತು. ಹಗೇವಿನ ಬಾಯಿಯ ಕಲ್ಲು ಸರಿಸಿದಾಗ ಓಣಿಯ ಮಂದಿಯೆಲ್ಲ ಬಗ್ಗಿ ಬಗ್ಗಿ ನೋಡಿದ್ದರು. ಪಂಚರು ಮೂಗಿಗೆ ಟವೆಲ್ ಹಿಡಿದುಕೊಂಡು ಇಣುಕಿದ್ದರು. ಕಾಶಿನಾಥ ಗ್ವಾಡೆ ಹಿಡಿದು ನಿಂತು ನಡುಗುತ್ತಿದ್ದ. ಬೇವಿನ ಮರದ ನೆರಳಲ್ಲಿ ಕುಳಿತಿದ್ದ ನಂದಾ ಮಾತ್ರ ಎದ್ದಿರಲಿಲ್ಲ. ಒಳಗೆ ತಂಗಿಯ ಎಲುಬು ಸಿಗಬಹುದೆಂದು ಬರೆದುಕೊಟ್ಟವಳು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಸಂಕಟಕ್ಕೆ ಕುಸಿದು ಕುಳಿತಿದ್ದಾಳೆಂದು ಶಾಂಭವಿ ಆಗ ನೀರು ಕಳಿಸಿಕೊಟ್ಟಿದ್ದಳು.

"ನಂದಕ್ಕ, ನಿನ್ನ ತಂಗಿ ಇಲ್ಲಿ ಅದಾಳಂತ ನಿನಗ ಖರೇ ಅನಿಸೇತೇನು?"

"ಅನಿಸದ ಅರ್ಜಿ ಕೊಡ್ತಿದ್ನೇನು?"

"ಅರ್ಜಿ ಜೋಡಿ ಫೋಟೋ ಕೊಟ್ಟಿದ್ದಿ. ಯಾರು ತಗದದ್ದು?"

"ನಾನ ತಗದದ್ದು. ಮುಂದಿನ ಬಾಗ್ಲ ಎದರಿಗೆ ನಿಂತು, ಫೋನಿನಾಗ."

ಆ ಫೋಟೋಗಳು ಶಾಂಭವಿಯ ಕಣ್ಣಮುಂದೆ ಇದ್ದವು. ಒಂದರಲ್ಲಿ ಮಣ್ಣಿನ ಗುಡ್ಡೆ. ಇನ್ನೊಂದರಲ್ಲಿ ಮುಂಬಾಗಿಲು, ಬಾಗಿಲಿಗೆ ಕಟ್ಟಿದ ಮುಸ್ತಫಾನ ಫಲಕ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಅವನ ನಂಬರು.

ಮುಸ್ತಫಾ ಓಡುತ್ತಲೇ ಬಂದ. "ಸಿಕ್ತ್ರಿ ಮೇಡಂ. ಇದ ನಂಬರು. ನಡುವ ಮತ್ತೊಮ್ಮಿ ಮಾಡಿದ್ರು, ಕಂಬ ನಟ್ರೇನು ಅಂತ ಕೇಳಾಕ."

ಶಾಂಭವಿ ಆ ಅಂಕಿಗಳನ್ನು ತನ್ನ ಫೋನಿನಲ್ಲಿ ಒತ್ತುತ್ತ ಹೋದಳು. ಕೊನೆಯದನ್ನು ಒತ್ತುವುದರೊಳಗೆ ಪರದೆಯ ಮೇಲೆ ಹೆಸರು ಬಂತು. ಹೋದ ವಾರ ತಾನೇ ಬರೆದಿಟ್ಟುಕೊಂಡ ಹೆಸರು.

ನಂದಕ್ಕ, ಕುಬಿಹಾಳ ಮನಿ.

ಅರ್ಜಿಯಲ್ಲಿ ನಂದಾ ಎರಡು ನಂಬರು ಕೊಟ್ಟಿದ್ದಳು. ಒಂದು ಕೈಯಲ್ಲಿ ಹಿಡಿದು ತಿರುಗುವ ಫೋನಿನದು. ಅದು ಹತ್ತದಿದ್ದರೆ ಎಂದು, ಮನೆಯಲ್ಲೇ ಇರುವ ಹಳೆಯ ಫೋನಿನದು ಇನ್ನೊಂದು.

ಶಾಂಭವಿ ತನ್ನ ಫೋನನ್ನು ಕಿಸೆಗೆ ಇಟ್ಟಳು. ದನಿ ಸಹಜವಾಗಿರಲೆಂದು ಮೆಲ್ಲಗೆ ಕೇಳಿದಳು.

"ನಂದಕ್ಕ, ಈಗ ಮನ್ಯಾಗ ಯಾರದಾರ?"

"ಯಾರಿಲ್ಲ. ನಮ್ಮವ್ರು ಹುಬ್ಬಳ್ಳಿಗೆ ಹೋಗ್ಯಾರ. ಕೀಲಿ ಹಾಕ್ಕೊಂಡ ಬಂದೀನಿ. ಯಾಕ?"

ಶಾಂಭವಿ ಮುಸ್ತಫಾನ ಕೈಯಿಂದ ಅವನ ಫೋನು ತೆಗೆದುಕೊಂಡು, ಅದೇ ನಂಬರಿಗೆ ಹಚ್ಚಿ ಕಿವಿಗೆ ಹಿಡಿದಳು.

"ಯಾರಿಗೆ ಹಚ್ಚಿದಿ?" ನಂದಾ ಒಂದು ಹೆಜ್ಜೆ ಮುಂದೆ ಬಂದಳು.

ಆ ಕಡೆ ಗಂಟೆ ಬಾರಿಸಿತು. ಮತ್ತೆ ಬಾರಿಸಿತು. ಮುಸ್ತಫಾನ ಆಳುಗಳು ಸುರುಳಿಯ ಮೇಲೆ ಕೈಯೂರಿ ನಿಂತೇ ಇದ್ದರು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ, ಗೋಂದಿನ ವಾಸನೆ ಹಿತ್ತಲದ ತುಂಬ ಏಳುತ್ತಿತ್ತು. ಫೋನನ್ನು ಎತ್ತಿದ ಸಪ್ಪಳವಾಯಿತು.

"ಹಲೋ, ಮುಸ್ತಫಾ ಅವ್ರೇನ್ರಿ?"

ಶಾಂಭವಿ ಕಣ್ಣು ಮುಚ್ಚಿಕೊಂಡಳು. ದನಿ ಸ್ವಲ್ಪ ಒರಟಾಗಿತ್ತು. ಆದರೆ ಮಾತಿನ ಕೊನೆಯನ್ನು ಮೇಲಕ್ಕೆ ಎಳೆಯುವ ಆ ರೀತಿ, ಎಡಗಡೆಯಿಂದ ದಿನಾ ಕೇಳುತ್ತಿದ್ದ ರೀತಿಯೇ ಆಗಿತ್ತು.

"ಗೆರಿ ಹಾಕಿದ್ರೇನ್ರಿ? ಲಗೂ ಹೇಳ್ರಿ. ನಮ್ಮಕ್ಕ ಅಣ್ಣಿಗೇರಿಗೆ ಹೋಗ್ಯಾಳ, ಬರೂದ್ರಾಗ ಫೋನ್ ಇದ್ದಲ್ಲೇ ಇಡಬೇಕು. ಹೊರಗ ಕೀಲಿ ತಗದ ಸಪ್ಪಳಾದ್ರ ನಾ ಮಾತಾಡೂದಿಲ್ಲ ನೋಡ್ರಿ."

ಶಾಂಭವಿ ಕಣ್ಣು ತೆರೆದು ನಂದಾಳ ಕಡೆ ನೋಡಿದಳು.

ಆಕೆಯ ಮುಖ ನೋಡಿಯೇ ನಂದಾಗೆ ಎಲ್ಲ ತಿಳಿಯಿತು. ಸುಳ್ಳು ಹೇಳುವ ಗೋಜಿಗೆ ಅವಳು ಹೋಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, ಆಯಾಸ ತೀರಿದವಳಂತೆ ಸುರುಳಿಯ ಮೇಲೆ ಕುಳಿತಳು.

"ಇಡು ಶಾಂಭವಿ, ಫೋನ್ ಇಡು."

"ಆಕಿನ್ನ ಕೀಲಿ ಹಾಕಿ ಇಟ್ಟೀಯೇನು ನಂದಕ್ಕ?" ಫೋನಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಕೇಳಿದಳು ಶಾಂಭವಿ.

"ಹೌದು. ನಾ ತಗದ ಫೋಟೋ ನೋಡಿ ಈ ಕೋರ್ಟಿನ ಸುದ್ದಿ ಕೇಳಿದಾಗಿಂದ ಇತ್ತ ಓಡಿ ಬರ್ತೀನಿ ಅಂತಾಳ. ಹೋಗಲಾರದಂಗ ಹಾಕೀನಿ."

"ಯಾಕ?"

"ನನ್ನ ಕೇಳಬ್ಯಾಡ. ಈ ಗ್ವಾಡಿ ಒಳಗ ಏನಾತು ಅಂತ ಅವನ್ನ ಕೇಳು."

ಶಾಂಭವಿ ತಿರುಗಿದಳು. ಗೆರೆಯ ಅಂಚಿನಲ್ಲಿ ಕಾಶಿನಾಥ ಇರಲಿಲ್ಲ. ಫೋನಿನಲ್ಲಿ ಯಾರೆಂದು ಒಂದು ಮಾತು ಕೇಳದೆ, ಆ ದನಿಯನ್ನೊಮ್ಮೆ ಕೇಳಿಸಿಕೊಳ್ಳಬೇಕೆಂದು ಕೈ ಚಾಚದೆ, ಅವನು ಅಲ್ಲಿಂದ ಹೋಗಿದ್ದ. ನಡುಮನೆಯ ಬಾಗಿಲ ಪರದೆ ಇನ್ನೂ ಅಲ್ಲಾಡುತ್ತಿತ್ತು.

ಅವಳು ಫೋನನ್ನು ಮತ್ತೆ ಕಿವಿಗೆ ಒತ್ತಿದಳು. "ಸುನೀ. ನಾನು. ಶಾಂಭವಿ."

ಆ ಕಡೆ ಎಲ್ಲಿಯೋ ಒಂದು ಕೋಳಿ ಕೂಗಿತು.

"ಶಾಂಭೀ," ಎಂದಿತು ದನಿ ಕೊನೆಗೆ. "ನೀ ಅವ್ರ ಹಿತ್ತಲದಾಗ ಅದೀಯೇನು?"

"ಹೌದು."

ಮನೆಯ ಮುಂಬದಿಯಲ್ಲಿ ಬೈಕು ಸುರುವಾದ ಸಪ್ಪಳವಾಯಿತು. "ಸಾವ್ಕಾರ್ರ, ನಿಂದರ್ರಿ!" ಎಂದು ಯಲ್ಲೇಶ ಕೂಗಿದ. ಬೈಕು ನಿಲ್ಲಲಿಲ್ಲ. ಕುಬಿಹಾಳ ಇಲ್ಲಿಂದ ಒಂದು ತಾಸಿನ ದಾರಿ, ಊರ ಹೊರಗಿನ ಆ ಹೊಲದ ಮನೆಗೆ ಹೊರಗಿನಿಂದ ಕೀಲಿ, ಒಳಗೆ ಅವಳೊಬ್ಬಳೇ.

"ಅವ್ರು ಎಲ್ಲಿ ಅದಾರ?" ಸುನಿತಾಳ ದನಿ ನಡುಗುತ್ತಿತ್ತು. ಅದು ಹಂಬಲದ ನಡುಕವೋ, ಹೆದರಿಕೆಯ ನಡುಕವೋ, ಇಷ್ಟು ಹತ್ತಿರದಿಂದ ಕೇಳಿದರೂ ಶಾಂಭವಿಗೆ ತಿಳಿಯಲಿಲ್ಲ. "ಹೇಳ ಶಾಂಭೀ. ಅವ್ರು ನಿನ್ನ ಕಣ್ಣಮುಂದನ ಅದಾರೇನು?"